ಆರನೆಯ ದಾರ

ಮಾರ್ಚ್ 4, ಮಂಗಳವಾರ

ರಾತ್ರಿ ಎರಡು ನಲವತ್ತು. ಫೋನಿನ ಗಂಟೆ. ಎರಡಕ್ಕೆ ಹೇಗೋ ಮಲಗಿಸಿದ್ದ ಮಗು ಮೂರನೆಯ ಟ್ರಿಣ್‌ಗೆ ಎದ್ದು ಸೂರು ಹಾರಿಹೋಗುವಂತೆ ಕಿರುಚಿತು. ಇವಳಿಗೆ ಪಿಟೀಲು ಎಂದು ಹೆಸರಿಟ್ಟವರು ಅತ್ತೆ. ನಾಲ್ಕೂವರೆ ತಿಂಗಳ ಕೂಸಿಗೆ ಅಷ್ಟು ಸಣ್ಣ, ಅಷ್ಟು ಉದ್ದದ ದನಿ.

ಫೋನ್ ಮಾಡಿದ್ದು ನನ್ನ ಗಂಡ. ಲೈನ್ ಖಾಲಿಯಿತ್ತಂತೆ, ನಿದ್ದೆ ಬರಲಿಲ್ಲವಂತೆ, ನಮ್ಮಿಬ್ಬರ ಉಸಿರು ಕೇಳಬೇಕು ಅನಿಸಿತಂತೆ. ಕೇಳಿಸಿಕೊಳ್ಳುವ ತಾಳ್ಮೆ ನನಗಿರಲಿಲ್ಲ.

"ಕತ್ತಲಾದ್ಮೇಲೆ ಇನ್ನೊಂದು ಸಲ ಫೋನ್ ಮಾಡಿದ್ರೆ ವೈರ್ ಕಿತ್ತು ಬಿಸಾಕ್ತೀನಿ ನೋಡು."

"ಅಪ್ಪಣೆ ಮಹಾರಾಣಿ. ಇನ್ಮೇಲೆ ಸಂಜೆ ಆರಕ್ಕೆ. ಅದು ಬಿಟ್ರೆ ಇಲ್ಲ."

ಅವನು ಆಡಿದ ಮಾತಿಗೆ ತಪ್ಪುವವನಲ್ಲ. ಒಳ್ಳೆಯದೇ ಆಯಿತು.

ಮಕ್ಕಳ ಡಾಕ್ಟರಮ್ಮ ಹೇಳಿದ್ದಕ್ಕೆ ಈ ನೋಟ್‌ಬುಕ್ಕು. ನಿದ್ದೆ ಬಾರದಿದ್ದರೆ ತಲೆಯಲ್ಲಿರುವುದನ್ನು ಕಾಗದಕ್ಕೆ ಇಳಿಸಿ, ಭಾರ ಕಮ್ಮಿಯಾಗುತ್ತದೆ ಎಂದರು. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ರೆಕಾರ್ಡ್ ಬರೆದ ಕೈ ಇದು. ಕಂಡದ್ದನ್ನು ಬರೆ, ಅನಿಸಿದ್ದನ್ನಲ್ಲ ಎಂದು ತಿದ್ದಿಸಿಕೊಂಡ ಕೈ. ಹಾಗಾಗಿ ಕಂಡದ್ದು: ಅವನಿರುವುದು ಇಲ್ಲಿಂದ ಮುನ್ನೂರು ಕಿಲೋಮೀಟರ್ ಆಚೆಯ ಹಾರಾಟದ ನೆಲೆಯಲ್ಲಿ. ರಾಡಾರ್ ಕಣ್ಣಿಗೆ ಬೀಳದ ಹೊಸ ಯುದ್ಧವಿಮಾನವನ್ನು ಮೊದಲು ಹಾರಿಸಿ ನೋಡುವುದು ಅವನ ಕೆಲಸ. ಅದರ ಮೈಗೆ ಲೇಪ ಹಚ್ಚುವ ಶೆಡ್ಡು ಈ ಊರಿನಲ್ಲಿ. ಬಸುರಿಗೆ ಏಳು ತಿಂಗಳು ತುಂಬುವವರೆಗೂ ನಾನು ಅಲ್ಲಿ ಕೆಲಸದಲ್ಲಿದ್ದೆ. ನಮ್ಮಿಬ್ಬರ ಪರಿಚಯವಾದದ್ದೂ ಅಲ್ಲೇ. ವಾಚು ಕಟ್ಟಿಕೊಂಡೇ ವಿಮಾನ ಮುಟ್ಟಲು ಬಂದವನಿಗೆ ಕೈ ತೆಗೀರಿ ಎಂದು ಗದರಿದ್ದೆ. ಫೋನಿನಲ್ಲಿ ಆ ವಿಮಾನದ ಸುದ್ದಿ ಎತ್ತುವಂತಿಲ್ಲ, ನಡುವೆ ಯಾರೋ ಕಿವಿಗೊಟ್ಟಿರುತ್ತಾರೆ. ಅದಕ್ಕೂ ಅತ್ತೆಯೇ ಒಂದು ಹೆಸರು ಹುಡುಕಿಕೊಟ್ಟಿದ್ದಾರೆ. ನಿನ್ನ ಸವತಿ.

ಫೋನಿಗೆ ಮಗುವಿನ ಕಂಬಳಿ ಸುತ್ತಿ ಬೀರುವಿನೊಳಗೆ ಇಟ್ಟಿದ್ದೇನೆ.


ಮಾರ್ಚ್ 7, ಶುಕ್ರವಾರ

ಮಗುವಿನದು ನಿಮಿಷಕ್ಕೆ ನಲವತ್ತನಾಲ್ಕು ಉಸಿರು. ಮತ್ತೆ ಎಣಿಸಿದರೆ ಐವತ್ತೆರಡು. ಮೂರನೆಯ ಸಲ ಎಣಿಸುವಷ್ಟರಲ್ಲಿ ನನ್ನ ಉಸಿರೇ ತಪ್ಪಿಹೋಗಿ ಎಲ್ಲಿದ್ದೆನೋ ಮರೆಯಿತು. ನೆಲೆಯ ಡ್ಯೂಟಿ ರೂಮಿಗೆ ಫೋನ್ ಮಾಡಿಬಿಟ್ಟೆ.

ಡ್ಯೂಟಿಯಾತ ಒಳ್ಳೆಯ ಮನುಷ್ಯ. "ಮೇಡಂ, ಪಾಪು ಅಳೋದು ನನಗೇ ಕೇಳಿಸ್ತಿದೆ. ಉಸಿರಿಲ್ದೇ ಯಾರಿಗೂ ಹಾಗೆ ಅಳೋಕಾಗಲ್ಲ," ಎಂದ. ಆದರೂ ನನ್ನ ಬಾಯಿ ತಡೆಯಲಾರದೆ ನನ್ನ ಗಂಡನನ್ನು ಮೀಟಿಂಗಿನಿಂದ ಎಬ್ಬಿಸಿ ತಂದ. ಅವನು ಬರುವ ಹೊತ್ತಿಗೆ ಪಿಟೀಲು ನನ್ನ ಹೆಗಲ ಮೇಲೆ ನಿದ್ದೆ ಹೋಗಿತ್ತು.

ಹೋದ ತಿಂಗಳು ಜ್ವರವೆಂದು ಹೀಗೇ ಮಾಡಿದ್ದೆ. ಸಿಟ್ಟಾಗಿದ್ದರೆ ಜಗಳವಾಡಬಹುದಿತ್ತು. ಮೆತ್ತಗೆ ಹೇಳಿದ, ಅದೇ ಕಷ್ಟ: ಇನ್ನು ಮನೆಗೆ ಬೆಂಕಿ ಬಿದ್ದರೆ ಮಾತ್ರ ಆ ನಂಬರಿಗೆ ಮಾಡು, ಅವರಿಗೂ ಹಾಗೇ ಹೇಳಿಟ್ಟಿರುತ್ತೇನೆ.


ಮಾರ್ಚ್ 10, ಸೋಮವಾರ

ಭೂತಗನ್ನಡಿ ಮನೆಗೆ ಬಂದಿದ್ದರು. ನಮ್ಮ ಲೇಪದ ಶೆಡ್ಡಿನ ಸೂಪರ್‌ವೈಸರ್. ಕೊರಳಲ್ಲಿ ಸದಾ ಒಂದು ಭೂತಗನ್ನಡಿ ತೂಗುತ್ತಿರುತ್ತದೆ, ಊಟದ ತಟ್ಟೆಯನ್ನೂ ಅದರಲ್ಲೇ ನೋಡುತ್ತಾರೆ ಎಂದು ನಮ್ಮ ತಮಾಷೆ. ಚಹಾ ಆರಿಹೋಗುವವರೆಗೂ ವಿಷಯ ಎತ್ತಲಿಲ್ಲ.

ವಿಮಾನದ ಮೂತಿಯ ಮೇಲೆ ಅಂಗೈಯಗಲ ಜಾಗದಲ್ಲಿ ಲೇಪ ಕೈಕೊಟ್ಟಿದೆ. ಮೂತಿಯನ್ನಷ್ಟೇ ಬಿಚ್ಚಿ, ಹೊದಿಸಿ, ಲಾರಿಯಲ್ಲಿ ತಂದಿದ್ದಾರೆ. ಬುಧವಾರ ಸರಿಮಾಡಿ ಅದೇ ಲಾರಿಗೆ ಏರಿಸಬೇಕು.

"ಮೆಷಿನ್ ಎಲ್ಲಾ ಸರಿ ಅಂತಿದೆ. ನನ್ನ ಮನಸ್ಸು ಒಪ್ತಿಲ್ಲ. ನಿನ್ನ ಬೆರಳು ಬೇಕಮ್ಮ, ಒಂದೇ ದಿನ."

ನಾನು ಅತ್ತೆಯ ಮುಖ ನೋಡಿದೆ. ಅವರು ಮಗುವಿಗೆ ಫ್ರಾಕ್ ಹೊಲಿಯುತ್ತ ಕೂತಿದ್ದರು. ನಮ್ಮ ಮನೆಯಲ್ಲಿ ಈಗ ಎಲ್ಲಿ ಕಾಲಿಟ್ಟರೂ ದಾರದ ತುಂಡು. ಹೋಗಿಬಾ, ನಿನಗೂ ಗಾಳಿಯಾಡಿದಂತಾಗುತ್ತದೆ, ಹೇಗಿದ್ದರೂ ಸವತಿಯ ಮುಖ ತೊಳೆಯುವ ಯೋಗ ಎಲ್ಲರಿಗೂ ಬರುವುದಿಲ್ಲ ಎಂದರು.

ಖುಷಿಯಾಯಿತು ಎಂದು ಬರೆಯಲು ನಾಚಿಕೆ. ಆದರೆ ಆಯಿತು.


ಮಾರ್ಚ್ 12, ಬುಧವಾರ

ಶೆಡ್ಡಿನ ವಾಸನೆ ಮೂಗಿಗೆ ಹೊಡೆದ ಕೂಡಲೇ ಒಂದು ವರ್ಷ ಚಿಕ್ಕವಳಾದೆ. ಉಂಗುರ, ಬಳೆ, ಕಿವಿಯೋಲೆ ಎಲ್ಲ ಬಾಗಿಲಲ್ಲೇ ಬಿಚ್ಚಿಟ್ಟು, ಏಪ್ರನ್ ತೊಟ್ಟು, ಕಣ್ಣು ಮುಚ್ಚಿ ಬೆರಳು ಹಾಯಿಸಿದೆ. ಎರಡನೆಯ ಸುತ್ತಿಗೇ ಸಿಕ್ಕಿತು: ಕೂದಲೆಳೆಯ ಅರ್ಧದಷ್ಟು ಏರು, ಒಳಗೆ ಗಾಳಿಯ ಗುಳ್ಳೆ. ಭೂತಗನ್ನಡಿ ಮೆಷಿನ್ನಿನ ಕಡೆ ತಿರುಗಿ ಒಂದು ನೋಟ ನೋಡಿದರು, ತಪ್ಪು ಲೆಕ್ಕ ಒಪ್ಪಿಸಿದ ವಿದ್ಯಾರ್ಥಿಯನ್ನು ನೋಡುವ ಹಾಗೆ.

ಹಳೆಯದನ್ನು ಕೆರೆದು ಹೊಸ ಲೇಪ ಹಚ್ಚಬೇಕಾಯಿತು. ಬೇರೆ ವಿಮಾನಗಳಿಗೆ ಗಾಳಿಯ ವೇಗ ಅಳೆಯಲು ಮೂತಿಯಿಂದ ಒಂದು ಕೊಳವೆ ಚಾಚಿರುತ್ತದೆ. ಇದಕ್ಕೆ ಹಾಗಿಲ್ಲ, ಚಾಚಿದ್ದೆಲ್ಲ ರಾಡಾರಿಗೆ ಕಾಣುತ್ತದೆ. ಮೂತಿಯಲ್ಲೇ ಸಾಸಿವೆ ಗಾತ್ರದ ಆರು ರಂಧ್ರಗಳಿವೆ. ಲೇಪ ಹಚ್ಚುವ ಮುಂಚೆ ಆರಕ್ಕೂ ಮೇಣದ ಬಿರಡೆ ಇಡುತ್ತೇವೆ, ಬಿರಡೆಯೊಳಗೆ ಒಂದು ಕೆಂಪು ದಾರ. ದಾರದ ತುದಿಯನ್ನು ಮಡಚಿ ಅಂಟಿಸಿ ಅದರ ಮೇಲೇ ಲೇಪ. ಆರಿದ ಮೇಲೆ ತುದಿ ಎಲ್ಲಿದೆಯೆಂದು ಬೆರಳಿಗೆ ಮಾತ್ರ ತಿಳಿಯುತ್ತದೆ. ಸೂಜಿಯಿಂದ ಎಬ್ಬಿಸಿ ಎಳೆದರೆ ಬಿರಡೆ ಬರುತ್ತದೆ. ಮೇಣ ಉಜ್ಜಿ ತೆಗೆದು ಡಬ್ಬಕ್ಕೆ, ದಾರ ಎದೆಯ ಮೇಲಿನ ಜೇಬಿಗೆ. ಹೊಸ ಲೇಪದ ಮೇಲೆ ಹತ್ತು ದಿನ ಏನನ್ನೂ ಒತ್ತಬಾರದು, ಹಾಗಾಗಿ ರಂಧ್ರಕ್ಕೆ ಗಾಳಿ ಹಾಯಿಸಿ ನೋಡುವ ಪರೀಕ್ಷೆ ಇರುವುದಿಲ್ಲ. ಇಬ್ಬರ ಮುಂದೆ ಜೇಬು ಖಾಲಿಮಾಡಿ ದಾರ ಎಣಿಸುವುದೇ ಪರೀಕ್ಷೆ.

ನಾಲ್ಕು ಗಂಟೆಗೆ ಬಿರಡೆ ತೆಗೆಯಲು ಕೂತೆ. ನಡುವೆ ಗೇಟಿನಿಂದ ಅತ್ತೆಯ ಚೀಟಿ ಬಂತು. ಮಗು ಬಾಟಲಿ ಮುಟ್ಟುತ್ತಿಲ್ಲ, ಬೇಗ ಬಾ. ಓದಿದ್ದೇ ತಡ, ಹಾಲು ಸೋರತೊಡಗಿತು. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು, ನಾನು ಮನೆಯಲ್ಲಿದ್ದೆ. ಮುಗಿಸಿ ಎದ್ದು ನಿಂತಾಗ ಏಪ್ರನ್ನಿನ ಎದೆಯೆಲ್ಲ ಒದ್ದೆ, ಜೇಬೂ ಸೇರಿ. ಭೂತಗನ್ನಡಿ ನೋಡಿದರು, ಥಟ್ಟನೆ ಮುಖ ಆಚೆ ತಿರುಗಿಸಿದರು. ಮಗಳ ವಯಸ್ಸಿನವಳು ನಾನು.

"ಆರಾಯ್ತಾ?" ಗೋಡೆಗೆ ಕೇಳಿದಂತೆ ಕೇಳಿದರು.

"ಆರು," ಎಂದೆ.

ರಿಜಿಸ್ಟರನ್ನು ಹಾಗೇ ಹಿಂದಕ್ಕೆ ತಳ್ಳಿದರು. ಸಹಿ ಹಾಕಿ ಓಡಿದೆ. ಏಪ್ರನ್ ಹೊರಗೆ ಒಯ್ಯಬಾರದು. ಆದರೆ ಅದನ್ನು ಆ ಗಂಡಸರ ಏಪ್ರನ್ನುಗಳ ನಡುವೆ ಮೊಳೆಗೆ ತೂಗುಹಾಕಲು ನನ್ನಿಂದಾಗಲಿಲ್ಲ. ಚೀಲದ ತಳಕ್ಕೆ ತುರುಕಿ ತಂದೆ.

ಪಿಟೀಲು ಅತ್ತೂ ಅತ್ತೂ ದನಿ ಒಡೆದುಕೊಂಡಿತ್ತು.


ಮಾರ್ಚ್ 13, ಗುರುವಾರ

ಒಂದು ಗಂಟೆ ಹತ್ತು ನಿಮಿಷ ನಿದ್ದೆ. ಏಪ್ರನ್ ಒಗೆಯಲಿಲ್ಲ, ಬೀರುವಿನ ಕೆಳಗಿನ ಅರೆಯಲ್ಲಿದೆ. ಬಾಟಲಿಗಳನ್ನು ಹನ್ನೊಂದು ಸಲ ಕುದಿಸಿದೆ. ಅತ್ತೆ ಹನ್ನೆರಡು ಅಂತಾರೆ.


ಮಾರ್ಚ್ 15, ಶನಿವಾರ

ಮಗು ಮಗುಚಿಕೊಂಡಿತು! ಅದೂ ನಾನಿಲ್ಲದಾಗ. ಬಚ್ಚಲಿನಿಂದ ಬಂದು ನೋಡಿದರೆ ಚಾಪೆ ದಾಟಿ ಬೀರುವಿನ ಹತ್ತಿರ ಬೋರಲು ಬಿದ್ದಿದೆ, ಕೆಳಗಿನ ಅರೆಯಿಂದ ಎಳೆದ ಬಟ್ಟೆಗಳ ರಾಶಿಯಲ್ಲಿ ಮುಖ ಹುದುಗಿಸಿ. ಬಾಯಲ್ಲಿ ಒಂದು ದಾರ. ಬೆರಳು ಹಾಕಿ ತೆಗೆದು ಕಿಟಕಿಯಾಚೆ ಎಸೆದೆ. ಆಮೇಲೆ ಒಂದು ಗಂಟೆ ಟಾರ್ಚು ಹಿಡಿದು ಗಂಟಲು ನೋಡಿದ್ದೇ ನೋಡಿದ್ದು. ಅತ್ತೆಯ ಮೇಲೆ ಕೂಗಾಡಿದೆ, ದಾರ ಎಲ್ಲೆಂದರಲ್ಲಿ ಬಿಡುತ್ತೀರಿ ಎಂದು. ಅವರು ನೆಲದ ಮೇಲೆ ಕೂತು ಒಂದೊಂದೇ ತುಂಡು ಆಯ್ದರು.

ನಾನು ಹಾಗೆ ಕೂಗಾಡುವವಳಲ್ಲ.


ಮಾರ್ಚ್ 16, ಭಾನುವಾರ

ಆರಕ್ಕೆ ಸರಿಯಾಗಿ ಫೋನು. ಮಗುಚಿಕೊಂಡ ಸುದ್ದಿ ಹೇಳಿದೆ. ಮೊದಲ ಸಲದ್ದು ತಪ್ಪಿಹೋಯಿತಲ್ಲ ಎಂದ. ಆಮೇಲೆ, "ಬುಧವಾರ ಬೆಳಿಗ್ಗೆ ಆರೂವರೆಗೆ ನಿನ್ನ ಸವತೀನ ಹೊರಗೆ ಕರ್ಕೊಂಡು ಹೋಗ್ತಿದೀನಿ. ಮೂತಿ ಎತ್ಕೊಂಡು ನಿಧಾನಕ್ಕೆ ನಡೀತಾಳಾ ನೋಡಬೇಕು," ಎಂದ.

ಅದರ ಅರ್ಥ ನನಗೆ ಗೊತ್ತು. ಈ ವಿಮಾನ ತಾನಾಗಿ ಗಾಳಿಯಲ್ಲಿ ನಿಲ್ಲುವಂಥದ್ದಲ್ಲ. ಮೈಯ ಆಕಾರ ಅಡಗುವುದಕ್ಕೆಂದು ಮಾಡಿದ್ದು, ಹಾರುವುದಕ್ಕೆಂದಲ್ಲ. ಬೀಳದಂತೆ ಕಂಪ್ಯೂಟರು ಕ್ಷಣಕ್ಕೆ ಹತ್ತಾರು ಸಲ ತಿದ್ದುತ್ತಿರುತ್ತದೆ, ಆ ಆರು ರಂಧ್ರ ಹೇಳಿದ್ದನ್ನು ನಂಬಿಕೊಂಡು. ಮದುವೆಗೆ ಮುಂಚೆ ಅವನೇ ಕಾಗದದ ವಿಮಾನ ಮಾಡಿ ತೋರಿಸಿದ್ದ: ಮೂತಿ ಎತ್ತಿ ನಿಧಾನ ಮಾಡಿದರೆ ಹಿಡಿತ ಕೂದಲೆಳೆಯಷ್ಟೇ, ಆಗ ಸುಳ್ಳು ಲೆಕ್ಕ ಬಂದರೆ ತಿದ್ದಿಕೊಳ್ಳಲು ಹೊತ್ತಿರುವುದಿಲ್ಲ ಎಂದು.

ರಾತ್ರಿ ಮಗುವಿನ ಪಕ್ಕ ಕೂತು ಎಣಿಸುತ್ತಿದ್ದಾಗ ಅತ್ತೆ ದೀಪ ಹಾಕದೆ ಬಂದು ನಿಂತರು.

"ನೀನು ಎಣಿಸ್ತಿರೋದು ಮಗುವಿನ ಉಸಿರಲ್ಲ ಕಣೇ."

ಮತ್ತೆ ಯಾರದ್ದು? ನಿದ್ದೆಗಣ್ಣಿನಲ್ಲಿ ಏನೋ ಅಂದರು.


ಮಾರ್ಚ್ 18, ಮಂಗಳವಾರ

ಸಂಜೆ ಆರು ಹತ್ತು. ಫೋನ್ ಬಂತು. ಪಿಟೀಲು ಆಗಷ್ಟೇ ಕಣ್ಣು ಮುಚ್ಚಿತ್ತು. ಪಿಸುಗುಟ್ಟಿದೆ: ಮಲಗಿದೆ, ನಾಳೆ ಮಾತಾಡೋಣ. ಏನೋ ಹೇಳಲು ಹೊರಟ. ನಾಳೆ ನಾಳೆ ಎಂದು ಇಟ್ಟುಬಿಟ್ಟೆ.

ರಾತ್ರಿ ಒಂಬತ್ತು. ಏಪ್ರನ್ ಒಗೆಯೋಣವೆಂದು ತೆಗೆದೆ. ಒಗೆಯುವ ಮುಂಚೆ ಜೇಬು ನೋಡುವ ಚಾಳಿ. ಹಾಲು ಒಣಗಿ ಜೇಬು ಹಪ್ಪಳದ ಹಾಗಾಗಿತ್ತು. ದಾರಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟೆ.

ಐದು.

ಮತ್ತೆ ಎಣಿಸಿದೆ. ಜೇಬಿನ ಹೊಲಿಗೆ ಬಿಚ್ಚಿದೆ. ಚೀಲ ಕೊಡವಿದೆ. ಅತ್ತೆಯನ್ನು ಎಬ್ಬಿಸಿ ಎಣಿಸಿ ಎಂದೆ. ಅವರೂ ಐದು ಅಂದರು.

ಒಂಬತ್ತೂವರೆ. ಕಣ್ಣು ಮುಚ್ಚಿ ನೆನೆಸಿಕೊಂಡೆ. ಬಲಗಡೆಯ ಮೂರು ತೆಗೆದದ್ದು ಬೆರಳಿಗೆ ನೆನಪಿದೆ. ಎಡಗಡೆ ಮೇಲಿನದು, ನಡುವಿನದು. ಕೆಳಗಿನದಕ್ಕೆ ಬರುವಾಗ ಕೈಯಲ್ಲಿ ಚೀಟಿಯಿತ್ತು. ಅಲ್ಲಿಂದ ಮುಂದೆ ಮಗುವಿನ ಅಳುವೊಂದೇ.

ಭೂತಗನ್ನಡಿಯ ಮನೆಗೆ ಫೋನ್ ಮಾಡಿದೆ. ಅವರು ಮೂತಿಯ ಜೊತೆಗೇ ನೆಲೆಗೆ ಹೋಗಿದ್ದಾರೆ. ಡ್ಯೂಟಿ ರೂಮಿಗೆ ಮಾಡಿದೆ, ಇದ್ದದ್ದು ಇದ್ದ ಹಾಗೆ ಹೇಳಿದೆ: ಒಂದು ರಂಧ್ರ ಮುಚ್ಚಿರಬಹುದು, ವಿಮಾನ ಏರಿಸಬೇಡಿ. ಅತ್ತ ಹೊಸ ದನಿ. ಅಂಥ ವಿಮಾನ ಯಾವುದೂ ಇಲ್ಲ, ಇಂಥ ಮಾತು ಫೋನಿನಲ್ಲಿ ಆಡಬೇಡಿ, ನಿಮ್ಮ ಯಜಮಾನರನ್ನು ಬೆಳಿಗ್ಗೆಯ ಕೆಲಸ ಮುಗಿಯುವ ತನಕ ಎಬ್ಬಿಸಬಾರದೆಂದು ಬರೆದಿಟ್ಟಿದೆ, ನಿಮ್ಮ ಹೆಸರೂ ಬರೆದಿದೆ, ಮನೆಗೆ ಬೆಂಕಿ ಬಿದ್ದರೆ ಮಾತ್ರ ಎಂದೂ.

ಬೆಂಕಿ ಬಿದ್ದಿದೆ ಎಂದೆ.

ಹತ್ತೂಕಾಲು. ಬೆಂಕಿ ಆರಿಸುವ ಗಾಡಿ ಬಂತು. ಕಾರ್ಖಾನೆಯ ಗಾಡಿ, ನೆಲೆಯವರು ಅವನನ್ನು ಎಬ್ಬಿಸುವ ಬದಲು ಇವರಿಗೆ ಹೇಳಿದ್ದಾರೆ. ಬೀದಿಯ ಕಿಟಕಿಗಳೆಲ್ಲ ಬೆಳಗಿದವು. ಪೈಪು ಹಿಡಿದು ಇಳಿದವನು ಮೆಟ್ಟಿಲ ಮೇಲೆ ಕೂತ ನಮ್ಮ ಮೂವರನ್ನೂ ನೋಡಿದ.

"ಅಕ್ಕ, ಬೆಂಕಿ ಎಲ್ಲಿ?"

"ಇವಳ ಹೊಟ್ಟೇಲಪ್ಪ," ಅತ್ತೆ ಹೇಳಿದರು.

ಆತ ನಗಲಿಲ್ಲ. ಹೆಲ್ಮೆಟ್ ತೆಗೆದು ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡ. ತನ್ನ ವೈರ್‌ಲೆಸ್‌ನಲ್ಲಿ ಮೇಲಿನವರಿಗೆ ಹೇಳಿ ನೋಡಿದ. ಸುಳ್ಳು ಕರೆ, ವಾಪಸ್ಸು ಬಾ ಎಂದು ಉತ್ತರ ಬಂತು. ಏಳಕ್ಕೆ ಡ್ಯೂಟಿ ಮುಗಿದದ್ದೇ ದೊಡ್ಡ ಸಾಹೇಬರ ಮನೆಗೆ ಹೋಗಿ ಹೇಳುತ್ತೇನೆ ಎಂದ. ಆರೂವರೆಗೆ ಅಲ್ಲಿ ವಿಮಾನ ಏರಿರುತ್ತದೆ. ಆಮೇಲೆ ಡ್ಯೂಟಿ ರೂಮಿಗೆ ಎಷ್ಟು ಸಲ ಮಾಡಿದರೂ ಎತ್ತುತ್ತಿಲ್ಲ.

ಹನ್ನೆರಡು. ಈ ನೋಟ್‌ಬುಕ್ಕನ್ನು ಮೊದಲಿನಿಂದ ಓದಿದೆ. ಹದಿನೈದನೆಯ ತಾರೀಖು. ಮಗುವಿನ ಬಾಯಲ್ಲಿ ಒಂದು ದಾರ. ಅಷ್ಟೇ ಬರೆದಿದ್ದೇನೆ. ಬಣ್ಣ ಬರೆದಿಲ್ಲ. ಕೂದಲೆಳೆಯ ಅರ್ಧವನ್ನು ಬೆರಳಲ್ಲಿ ಹಿಡಿಯುವವಳು ದಾರದ ಬಣ್ಣ ನೋಡಿಲ್ಲ. ಆ ಬಟ್ಟೆಯ ರಾಶಿಯಲ್ಲಿ ಏಪ್ರನ್ ಇತ್ತು. ಆ ದಾರ ಜೇಬಿನದಾಗಿದ್ದರೆ ಆರೂ ಇದ್ದವು, ಎಲ್ಲ ಸರಿಯಾಗಿದೆ, ನಾನು ಬರೀ ನಿದ್ದೆಗೆಟ್ಟ ಹೆಂಗಸು. ಹಾಗಾಗಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಹುಚ್ಚಿ ಎನಿಸಿಕೊಳ್ಳಲು ಯಾರಾದರೂ ಹೀಗೆ ಬೇಡಿಕೊಂಡಾರೆಯೇ?

ಒಂದೂವರೆ. ಕಿಟಕಿಯ ಕೆಳಗೆ ಟಾರ್ಚು ಹಿಡಿದು ಹುಡುಕಿದೆವು. ಅತ್ತೆ ಸೀರೆ ಎತ್ತಿಕಟ್ಟಿ ಮಂಡಿಯೂರಿ ಹುಲ್ಲನ್ನು ಎಳೆಎಳೆಯಾಗಿ ಬಿಡಿಸಿದರು. ನೀಲಿ ಒಂದು ಸಿಕ್ಕಿತು, ಬಿಳಿಯದು ಎರಡು. ಆಮೇಲೆ ಗೋಡೆಯ ಬುಡದಲ್ಲಿ ಕೆಂಪು.

ನಾನು ಕಿರುಚಿದೆ ಅನಿಸುತ್ತದೆ. ಸಿಕ್ಕಿತು ಅತ್ತೆ, ಆರನೆಯದು ಸಿಕ್ಕಿತು ಎಂದು ಅವರನ್ನು ಅಪ್ಪಿಕೊಂಡೆ. ಅವರು ಅಪ್ಪಿಕೊಳ್ಳಲಿಲ್ಲ. ಒಳಗೆ ಹೋಗಿ, ಹೊಲಿಯುತ್ತಿರುವ ಫ್ರಾಕ್ ತಂದು ದೀಪದ ಕೆಳಗೆ ಹಿಡಿದರು. ಅಂಚಿನ ಹೊಲಿಗೆಯೆಲ್ಲ ಕೆಂಪು.

ಮೇಜಿನ ಮೇಲಿನ ಐದರ ಪಕ್ಕ ಇದನ್ನು ಇಟ್ಟೆ. ಅತ್ತೆಯ ಉಂಡೆಯಿಂದ ಒಂದು ತುಂಡು ಇನ್ನೊಂದು ಪಕ್ಕದಲ್ಲಿ. ಕಣ್ಣಿಗೆ ಮೂರೂ ಒಂದೇ. ನಮ್ಮ ಶೆಡ್ಡಿನ ದಾರಕ್ಕೆ ಮೇಣದ ಜಿಡ್ಡಿರುತ್ತದೆ, ಬೆರಳಿಗೆ ತಿಳಿಯಬೇಕು. ಕಣ್ಣು ಮುಚ್ಚಿ ಉಜ್ಜಿದೆ. ಮಗು ಚೀಪಿದ ದಾರ, ಮೂರು ರಾತ್ರಿ ಇಬ್ಬನಿಯಲ್ಲಿ ನೆಂದದ್ದು. ನನ್ನ ಬೆರಳೋ, ಬಾಟಲಿ ಕುದಿಸಿ ಕುದಿಸಿ, ಬಿಸಿನೀರಲ್ಲಿ ತಿಕ್ಕಿ ತಿಕ್ಕಿ ತುದಿಯೆಲ್ಲ ಬಿರುಕು. ಮತ್ತೆ ಉಜ್ಜಿದೆ. ತುಟಿಗೆ ಮುಟ್ಟಿಸಿ ನೋಡಿದೆ.

ಬೆರಳಿಗೆ ಗೊತ್ತಾಗಲಿಲ್ಲ.

ಅತ್ತೆ ನನ್ನ ಎರಡೂ ಕೈಗಳನ್ನು ತಮ್ಮ ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡು ಕೂತರು. ಅವರ ಮಗ ಅಲ್ಲವೇ ನೀನು. ಇಷ್ಟು ದಿನ ಅದು ನನಗೆ ಹೊಳೆದೇ ಇರಲಿಲ್ಲ.

ಎರಡು ನಲವತ್ತು. ಹದಿನಾಲ್ಕು ದಿನದ ಹಿಂದೆ ಇದೇ ಹೊತ್ತಿನಲ್ಲಿ ನಿನಗೆ ನಿದ್ದೆ ಬಂದಿರಲಿಲ್ಲ. ನಮ್ಮ ಉಸಿರು ಕೇಳಬೇಕು ಅನಿಸಿತ್ತು. ಇವತ್ತೂ ಅನಿಸಲಿ. ಹಾರುವ ಹಿಂದಿನ ರಾತ್ರಿ ನಿನಗೆ ನಿದ್ದೆ ಹತ್ತುವುದಿಲ್ಲ, ಗೊತ್ತು ನನಗೆ. ಮಲಗಿದ ಹಾಗೆ ಮಾಡಿ ಸೂರು ನೋಡುತ್ತಿರುತ್ತೀ. ಫೋನಿನ ಬೂತು ನಿನ್ನ ಕೋಣೆಯ ಬಾಗಿಲಾಚೆಯೇ ಇದೆ ಅಂದಿದ್ದೆ. ಹನ್ನೆರಡು ಹೆಜ್ಜೆ ಅಂದಿದ್ದೆ. ಎದ್ದು ಬಾ.

ಸಂಜೆ ಆರಕ್ಕೆ ಏನು ಹೇಳಬೇಕೆಂದಿದ್ದೆ? ಅದನ್ನೂ ಹೇಳು, ಪೂರ್ತಿ ಕೇಳುತ್ತೇನೆ, ನಡುವೆ ಬಾಯಿ ಹಾಕುವುದಿಲ್ಲ. ನಾನು ಹೇಳುವುದು ಇಷ್ಟೇ. ಎಡಗಡೆ, ಕೆಳಗಿನದು. ಟಾರ್ಚು ಅಡ್ಡ ಹಿಡಿದು ಬಗ್ಗಿ ನೋಡು. ಬೂದುಬಣ್ಣದ ಮೇಲೆ ಎದುರಿನಿಂದ ಏನೂ ಕಾಣುವುದಿಲ್ಲ, ಬಗ್ಗಿಯೇ ನೋಡಬೇಕು. ಒಳಗೆ ಕಪ್ಪಗೆ ಕಂಡರೆ ತೆರೆದಿದೆ. ನಕ್ಕು, ನನ್ನನ್ನು ಹುಚ್ಚಿ ಅಂದು, ವಿಮಾನ ಏರು. ನಾನು ಆ ಮಾತಿಗೆ ಇನ್ನು ಯಾವತ್ತೂ ಮುನಿಸಿಕೊಳ್ಳುವುದಿಲ್ಲ.

ಫೋನನ್ನು ಬೀರುವಿನಿಂದ ತೆಗೆದಿದ್ದೇನೆ. ಕಂಬಳಿ ಬಿಚ್ಚಿದ್ದೇನೆ. ಗಂಟೆಯ ತಿರುಪನ್ನು ಕೊನೆಯವರೆಗೂ ಏರಿಸಿ ತೊಡೆಯ ಮೇಲೆ ಇಟ್ಟುಕೊಂಡಿದ್ದೇನೆ. ಪಿಟೀಲು ಅತ್ತೆಯ ಎದೆಗೊರಗಿ ಮಲಗಿದೆ. ಮಗು ಎದ್ದರೆ ಏಳಲಿ, ಬೀದಿಯೆಲ್ಲ ಎದ್ದರೂ ಏಳಲಿ, ಇನ್ನೊಂದು ಸಲ ಗಾಡಿ ಬಂದರೂ ಬರಲಿ. ನಾನು ಬೇಡ ಅಂದದ್ದು ಸುಳ್ಳು. ಆಡಿದ ಮಾತಿಗೆ ಒಂದೇ ಒಂದು ಸಲ ತಪ್ಪು ಕಣೋ. ಬೆಳಗಾಗುವುದರೊಳಗೆ ಫೋನ್ ಮಾಡು. ನಾಲ್ಕಕ್ಕೆ ಮಾಡು, ಐದಕ್ಕೆ ಮಾಡು, ಬೂಟಿನ ದಾರ ಕಟ್ಟಿಕೊಳ್ಳುತ್ತಲಾದರೂ ಮಾಡು. ಮಾತಾಡಬೇಕಾಗಿಲ್ಲ. ಗಂಟೆ ಒಂದು ಸಲ ಬಾರಿಸಲಿ, ಎತ್ತುತ್ತೇನೆ. ಫೋನ್ ಮಾಡು.